ಉಳುವ ಎತ್ತು, ಓಡುವ ಎತ್ತು

ತಿಕೋಟಾ–ಬಬಲೇಶ್ವರ ಭಾಗದ ಗಾಡಿ ಶರ್ಯತ್ತು ನಡೆದುಬಂದ ದಾರಿ

ಜಾತ್ರೆಯ ಕರಪತ್ರ ಕೈಗೆ ಬಂದರೆ ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಪಲ್ಲಕ್ಕಿ ಎಷ್ಟು ಹೊತ್ತಿಗೆ ಏಳುತ್ತದೆ, ರಾತ್ರಿ ಯಾವ ನಾಟಕ ಇದೆ ಎಂದು ಎಲ್ಲರೂ ಓದುತ್ತಾರೆ. ಗಂಡಸರ ಕಣ್ಣು ಮಾತ್ರ ಮೊದಲು ಹೋಗುವುದು ಶರ್ಯತ್ತಿನ ಸಾಲಿಗೆ: ಜೋಡೆತ್ತಿನ ಗಾಡಿ, ತೆರಬಂಡಿ, ಕುದುರೆ ಗಾಡಿ, ಸೈಕಲ್, ಕುಸ್ತಿ, ಕಲ್ಲು ಎತ್ತುವುದು. ಈಚೆಗೆ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯೂ ಆ ಸಾಲಿಗೆ ಸೇರಿದೆ. ಜಾತ್ರೆಯ ಈ ಸ್ಮರಣ ಸಂಚಿಕೆಯಲ್ಲಿ ಗುಡಿಯ ಚರಿತ್ರೆ, ಮಠದ ಪರಂಪರೆ, ದಾಸೋಹದ ಹೆಗ್ಗಳಿಕೆ ಬರೆಯಲು ಬೇರೆಯವರಿದ್ದಾರೆ. ನನ್ನ ಪಾಲಿಗೆ ಬಂದದ್ದು ಗಾಡಿ ಶರ್ಯತ್ತು.

ಶರ್ಯತ್ತಿಗೆ ಸ್ವಂತ ಕಟ್ಟಡವಿಲ್ಲ, ನೋಂದಣಿಯಾದ ನಿಯಮಾವಳಿಯೂ ಬಹಳ ಕಡೆ ಇಲ್ಲ. ಆದರೂ ಅದೊಂದು ಸಂಸ್ಥೆಯೇ. ಪಟ್ಟಿ ಎತ್ತಿ ಹಣ ಕೂಡಿಸುವವರು, ದಾರಿ ಅಳೆದು ಗೆರೆ ಹಾಕುವವರು, ಹೆಸರು ಬರೆದುಕೊಳ್ಳುವವರು, ನಿಶಾನೆ ಬೀಸುವವರು, ವಾದ ಬಂದರೆ ಕೂತು ಬಗೆಹರಿಸುವ ಹಿರಿಯರು ಎಂದು ಪ್ರತಿ ಊರಿನಲ್ಲೂ ಕೆಲಸ ಹಂಚಿಹೋಗಿರುತ್ತದೆ. ಈ ಹೊಣೆ ತಂದೆಯಿಂದ ಮಗನಿಗೆ ಬರುತ್ತದೆ. ಹಾಗಾಗಿ ಒಂದು ಊರಿನ ಕಮಿಟಿಯ ಚರಿತ್ರೆ ಬರೆಯುವ ಬದಲು ಬಿಜ್ಜರಗಿಯಿಂದ ಬಬಲೇಶ್ವರದವರೆಗೆ, ಗಡಿಯಾಚೆ ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳವರೆಗೆ ಹಬ್ಬಿರುವ ಒಂದು ರೂಢಿಯ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರ ಹುಣ್ಣಿಮೆಯ ಕರಿ

ನಮ್ಮ ಕಡೆ ಎತ್ತಿನ ಓಟದ ತಾಯಿಬೇರು ಕಾರ ಹುಣ್ಣಿಮೆಯಲ್ಲಿದೆ. ಜ್ಯೇಷ್ಠದ ಆ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡಣಸು ಏರಿಸಿ, ಗೊಂಡೆ, ಗೆಜ್ಜೆಸರ, ಜೂಲ ತೊಡಿಸಿ ಸಂಜೆಗೆ ಅಗಸಿಯ ಕಡೆ ತರುತ್ತಾರೆ. ಅಗಸಿಗೆ ಅಡ್ಡ ಕಟ್ಟಿದ ಬೇವಿನ ತಪ್ಪಲಿನ ತೋರಣವೇ ಕರಿ. ಓಡಿಬಂದ ಎತ್ತುಗಳಲ್ಲಿ ಮುಂದಿನದು ಅದನ್ನು ಹರಿಯುತ್ತದೆ. ಬಿಳಿ ಎತ್ತು ಹರಿದರೆ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂದೆತ್ತು ಹರಿದರೆ ಮುಂಗಾರಿ ಪೀಕು ಕೈಹಿಡಿಯುತ್ತದೆ ಎಂಬ ನಂಬಿಕೆ ಇಂದಿಗೂ ಇದೆ.

ಈ ಓಟಕ್ಕೆ ಬಹುಮಾನವಿಲ್ಲ. ಗೆದ್ದ ಎತ್ತಿನ ಮಾಲಕನ ಹೆಸರಿಗಿಂತ ಎತ್ತಿನ ಬಣ್ಣಕ್ಕೇ ಬೆಲೆ. ಊರಿನ ಪ್ರತಿಯೊಂದು ಎತ್ತೂ ಓಡಬಹುದು, ಏಕೆಂದರೆ ಎಲ್ಲವೂ ಮರುವಾರ ಬಿತ್ತನೆಗೆ ಇಳಿಯುವ ಎತ್ತುಗಳೇ. ಮುಂದೆ ಗಾಡಿ ಶರ್ಯತ್ತು ಎಷ್ಟು ದೂರ ಹೋದರೂ ಅದು ಹೊರಟದ್ದು ಈ ಅಗಸಿಯಿಂದ ಎಂಬುದನ್ನು ಈ ಬರಹದುದ್ದಕ್ಕೂ ನೆನಪಿಟ್ಟುಕೊಳ್ಳಬೇಕು.

1876ರಿಂದ 1900: ಬರದ ನಂತರದ ಎತ್ತು

ಓಡುವ ಎತ್ತಿಗೆ ನಮ್ಮಲ್ಲಿ ಇಷ್ಟು ಮಾನ ಏಕೆ ಬಂತೆಂದು ತಿಳಿಯಬೇಕಾದರೆ ಮಣ್ಣನ್ನು ನೋಡಬೇಕು. ಡೋಣಿ ದಂಡೆಯ ಎರೆ ಮಳೆ ಬಂದರೆ ಅಂಟು, ಒಣಗಿದರೆ ಕಲ್ಲು. ಅದರಲ್ಲಿ ಬೇರುಬಿಟ್ಟ ಕರಿಕೆ ಕೀಳಲು ಒಂದು ಜೋಡಿ ಸಾಲದು. ಭಾರದ ನೇಗಿಲಿಗೆ ಎಂಟು ಎತ್ತು ಹೂಡುತ್ತಿದ್ದ ಕಾಲವಿತ್ತು. ಅತ್ತ ತಿಕೋಟಾ, ಬಿಜ್ಜರಗಿ ಕಡೆಯ ಮಡ್ಡಿಯಲ್ಲಿ ನೀರು ಆಳದಲ್ಲಿ. ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಎಳೆಯುವ ಕಪಲಿಗೆ ಬೆಳಗಿನ ಜಾವದಿಂದ ದುಡಿಯುವ, ಹಿಂದೆ ಸರಿದು ಮತ್ತೆ ಚುರುಕಾಗಿ ಇಳಿಯುವ ಎತ್ತು ಬೇಕಿತ್ತು. ಬಲ ಮತ್ತು ಚುರುಕು ಎರಡೂ ಒಂದೇ ಮೈಯಲ್ಲಿರಬೇಕು.

1876–78ರ ಬರ ಈ ಸೀಮೆಯ ಜನರನ್ನೂ ದನಗಳನ್ನೂ ಬಡಿದುಹಾಕಿತು. ಆ ನಂತರ ಗದಗ–ಹೊಟಗಿ ರೈಲುದಾರಿ ಬಂತು, 1885ರಲ್ಲಿ ಜಿಲ್ಲಾಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು, ದನಗಳನ್ನು ಮತ್ತೆ ಕೂಡಿಸುವ ಕೆಲಸವೂ ಶುರುವಾಯಿತು. ಕೃಷ್ಣಾ ತೀರದ ಸಾಂಗ್ಲಿ, ಮಿರಜ ಸಂಸ್ಥಾನಗಳ ಅರಸರು ಗಿರ್, ಓಂಗೋಲ್ ಮುಂತಾದ ತಳಿಗಳನ್ನು ಸ್ಥಳೀಯ ದನಗಳೊಂದಿಗೆ ಕೂಡಿಸಿ, ಎರೆಯಲ್ಲಿ ಎಳೆಯಬಲ್ಲ ದೊಡ್ಡ ಮೈಯ ಕೃಷ್ಣಾ ಕಣಿವೆ ತಳಿಯನ್ನು ಬೆಳೆಸಿದ್ದು 1880ರ ದಶಕದಲ್ಲೇ. ಇನ್ನೊಂದು ಕಡೆ ಸೊಲ್ಲಾಪುರ, ಸಾಂಗ್ಲಿ, ಸಾತಾರಾ ಸೀಮೆಯಿಂದ ನಮ್ಮವರೆಗೆ ಹಬ್ಬಿದ ಖಿಲಾರಿ ಇತ್ತು: ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೋಡು, ಬಿಗಿ ಗೊರಸು, ಹೊಸಬರನ್ನು ಹತ್ತಿರ ಬಿಡದ ಸಿಟ್ಟು. ದಾರಿಯ ಮೇಲೆ ಖಿಲಾರಿಗೆ ಸಾಟಿಯಿಲ್ಲ. ಕೃಷ್ಣಾ ಕಣಿವೆಯ ಎತ್ತು ತೆರಬಂಡಿಗೆ, ಖಿಲಾರಿ ಗಾಡಿಗೆ ಎಂಬ ಮಾತು ನಮ್ಮ ಹಿರಿಯರಲ್ಲಿ ಹುಟ್ಟಿದ್ದು ಈ ತಳಿಗಳ ಗುಣದಿಂದಲೇ.

ಜಾತ್ರೆಯ ದನದ ಪೇಟೆಗೂ ಶರ್ಯತ್ತಿಗೂ ಇದ್ದ ನಂಟನ್ನು ಇಲ್ಲೇ ಹೇಳಬೇಕು. ಸಂಕ್ರಮಣದ ವಿಜಯಪುರ ಸಿದ್ಧೇಶ್ವರ ಜಾತ್ರೆಯ ಪೇಟೆಗೆ ಎತ್ತು ಕೊಳ್ಳಲು ಬಂದವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಆದರೆ ಒಂದು ಜೋಡಿ ಭಾರ ಹೊತ್ತು ಎಷ್ಟು ಹೊತ್ತು ಉಸಿರು ಹಿಡಿಯುತ್ತದೆ, ಎರಡೂ ಸಮಕ್ಕೆ ಹೆಜ್ಜೆ ಹಾಕುತ್ತವೆಯೇ ಎಂಬುದು ಗೂಟಕ್ಕೆ ಕಟ್ಟಿದಾಗ ತಿಳಿಯುವುದಿಲ್ಲ. ನಾಲ್ಕು ಜನರ ಕಣ್ಣೆದುರು ಎತ್ತಿನ ಗುಣ ಬಯಲಿಗೆ ಬರಲು ಶರ್ಯತ್ತು ಬೇಕಾಗಿತ್ತು. ಗೆದ್ದ ಹೋರಿಯನ್ನು ಬೀಜಕ್ಕೆ ಕೇಳಿಕೊಂಡು ಬರುತ್ತಿದ್ದರು. ಹಾಗೆ ತಳಿ ಉಳಿಯಿತು. ಯಾವ ಸರಕಾರಿ ಇಲಾಖೆಯೂ ಹೇಳದೆ ಹಳ್ಳಿಗಳು ತಾವೇ ಮಾಡಿಕೊಂಡ ವ್ಯವಸ್ಥೆ ಇದು.

1950ರಿಂದ 1980: ಹವ್ಯಾಸಿಗಳ ಕಾಲ

ಇಂದು ಎಪ್ಪತ್ತು ದಾಟಿದವರು ಶರ್ಯತ್ತಿನ ಮಾತು ತೆಗೆದರೆ ನೆನೆಯುವುದು ಈ ಕಾಲವನ್ನೇ. ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಒಂದೇ: ಆಗ ಉಳುವ ಎತ್ತೇ ಓಡುತ್ತಿತ್ತು.

ಸುಗ್ಗಿ ಮುಗಿದು ಕಣಿಕೆ ಬಣವೆಗೆ ಏರಿದ ಮೇಲೆ ಎತ್ತಿಗೆ ಒಂದಿಷ್ಟು ಬಿಡುವು. ಆ ಬಿಡುವಿನಲ್ಲಿ ಹತ್ತಿಕಾಳು, ಶೇಂಗಾ ಹಿಂಡಿ, ಗೋವಿನಜೋಳದ ನುಚ್ಚು ತಿನ್ನಿಸಿ, ಬೆಳಿಗ್ಗೆ ಮಡ್ಡಿಯ ದಾರಿಯಲ್ಲಿ ಗಾಡಿ ಹೂಡಿ ಪಳಗಿಸುತ್ತಿದ್ದರು. ಗಾಡಿ ಎಂದರೆ ಮನೆಯ ಗಾಡಿಯೇ. ಗೊಬ್ಬರ ಹೇರಿದ್ದು, ಹತ್ತಿ ಅಂಡಿಗೆಯನ್ನು ಪೇಟೆಗೆ ಒಯ್ದದ್ದು, ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಮನೆಮಂದಿಯನ್ನು ಹೊತ್ತದ್ದು ಅದೇ. ಶರ್ಯತ್ತು ಬಂತೆಂದರೆ ಬಡಿಗೇರರ ಮನೆಗೆ ಒಯ್ದು ಸಡಿಲಾದ ಅರ ಬಿಗಿಸಿ, ಕಮ್ಮಾರರ ಕುಲುಮೆಯಲ್ಲಿ ಹಳಿ ಕಾಯಿಸಿ ಮತ್ತೆ ತೊಡಿಸಿ, ಅಚ್ಚಿಗೆ ಹೊಸ ಕೀಲೆಣ್ಣೆ ಹಾಕಿ, ಪಕ್ಕದ ಹಲಗೆಗಳನ್ನು ಕಳಚಿ ಹಗುರ ಮಾಡುತ್ತಿದ್ದರು. ಮೂಕಿ ಎಷ್ಟು ಉದ್ದವಿರಬೇಕು, ನೊಗದ ತೂಕ ಹೆಗಲ ಮೇಲೆ ಎಲ್ಲಿ ಬೀಳಬೇಕು ಎಂಬುದರ ಮೇಲೆ ಬಡಿಗೇರರಿಗೂ ಒಕ್ಕಲುತನದವರಿಗೂ ತಾಸುಗಟ್ಟಲೆ ಮಾತು ನಡೆಯುತ್ತಿತ್ತು. ಗೆದ್ದ ಗಾಡಿಯ ಕೀರ್ತಿಯಲ್ಲಿ ಬಡಿಗೇರರಿಗೂ ಪಾಲಿತ್ತು. ಈ ಕುಶಲಕರ್ಮಿಗಳ ಹೆಸರನ್ನು ನಮ್ಮ ಕಮಿಟಿಗಳು ಎಲ್ಲಿಯೂ ಬರೆದಿಡಲಿಲ್ಲ. ಅದು ನನಗೆ ನೋವಿನ ಸಂಗತಿ. ಬಹುಮಾನ ಕೊಟ್ಟ ದಾನಿಗಳ ಹೆಸರು ಫಲಕದ ಮೇಲಿದೆ, ಗಾಲಿ ಮಾಡಿದವರ ಹೆಸರಿಲ್ಲ.

ಓಟದ ಬಗೆ ಊರೂರಿಗೆ ಬೇರೆ. ಅಗಸಿಯಿಂದ ಹೊರಟು ಗೊತ್ತಾದ ಮೈಲುಗಲ್ಲಿನ ಹತ್ತಿರ ತಿರುಗಿ ಬರುವುದು ಒಂದು ಬಗೆ. ನೇರ ದಾರಿಯಲ್ಲಿ ಒಂದೇ ಉಸಿರಿಗೆ ಓಡಿ ಗೆರೆ ದಾಟುವುದು ಇನ್ನೊಂದು. ತೆರಬಂಡಿಯಲ್ಲಿ ಓಟಕ್ಕಿಂತ ಎಳೆತ ಮುಖ್ಯ: ಭಾರದ ಬಂಡಿಯನ್ನು ಗೊತ್ತುಮಾಡಿದ ಹೊತ್ತಿನಲ್ಲಿ ಎಷ್ಟು ದೂರ ಎಳೆದವೆಂದು ಅಳೆಯುತ್ತಾರೆ. ಕಾರ ಹುಣ್ಣಿಮೆಯ ಸುತ್ತ ರಾಯಚೂರಿನಲ್ಲಿ ನಡೆಯುವ ಭಾರದ ಕಲ್ಲು ಎಳೆಯುವ ಸ್ಪರ್ಧೆ ಇದರ ಹತ್ತಿರದ ಬಂಧು. ಬಹುಮಾನವೆಂದರೆ ತೆಂಗಿನಕಾಯಿ, ಪಟಗ, ಹೆಚ್ಚೆಂದರೆ ಬೆಳ್ಳಿಯ ಕಡಗ, ಇಲ್ಲವೇ ಪಡಸಾಲೆಯ ಗೋಡೆಗೆ ತೂಗುಹಾಕುವ ಒಂದು ಢಾಲು. ಸೋತವನ ಎತ್ತಿಗೂ ಭಂಡಾರ ಹಚ್ಚಿ ಕಳಿಸುತ್ತಿದ್ದರು.

ವಾದ ಇರಲಿಲ್ಲವೆಂದಲ್ಲ. ಯಾರ ಮೂಕಿ ಮೊದಲು ಗೆರೆ ದಾಟಿತು, ಯಾರ ಗಾಡಿ ಇನ್ನೊಬ್ಬರ ದಾರಿಗೆ ಅಡ್ಡ ಬಂತು ಎಂಬುದು ಪ್ರತಿ ಜಾತ್ರೆಯಲ್ಲೂ ಬರುವ ಮಾತು. ಕೆಲವು ಊರುಗಳಲ್ಲಿ ಓಣಿ ಓಣಿಗಳ ನಡುವೆ ಮನಸ್ತಾಪವಾಗಿ ಒಂದೆರಡು ವರ್ಷ ಶರ್ಯತ್ತು ನಿಂತದ್ದುಂಟು. ಹಿರಿಯರು ಗುಡಿಯ ಕಟ್ಟೆಯ ಮೇಲೆ ಎರಡೂ ಕಡೆಯವರನ್ನು ಕೂಡಿಸಿ, ಭಂಡಾರ ಮುಟ್ಟಿಸಿ, ಮರುವರ್ಷ ಗೆರೆಯ ಬಳಿ ಎರಡೂ ಓಣಿಯ ಪಂಚರನ್ನು ನಿಲ್ಲಿಸಿ ಮುಂದುವರಿಸಿದರು. ಗೆರೆಗೆ ಇಬ್ಬರು ಪಂಚರು ಎಂಬ ಪದ್ಧತಿ ಹಲವು ಕಡೆ ಬೇರೂರಿದ್ದು ಇಂಥ ಮನಸ್ತಾಪಗಳಿಂದಲೇ.

ಸಮುದ್ರದಾಚೆ, ಅದೇ ವರ್ಷಗಳಲ್ಲಿ

ನಮ್ಮ ದಾರಿಯ ಮೇಲೆ ಎತ್ತು ಓಡುತ್ತಿದ್ದ ಅದೇ ವರ್ಷಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ, ಬೇಡದ ತಗಡು ತೆಗೆದು, ಎಂಜಿನ್ ತಿದ್ದಿ ಓಡಿಸುತ್ತಿದ್ದರು. ಹಾಟ್ ರಾಡ್ ಎಂದರೆ ಅದೇ. ಎರಡನೇ ಮಹಾಯುದ್ಧಕ್ಕೆ ಮುಂಚೆ ಒಣಗಿದ ಸರೋವರಗಳ ಬಯಲಿನಲ್ಲಿ ಓಡಿಸಿದರು, ಆಮೇಲೆ ಊರ ರಸ್ತೆಯಲ್ಲೇ ಪಣ ಕಟ್ಟತೊಡಗಿದರು. ಜನ ಸತ್ತರು, ಪೊಲೀಸರು ಹಿಂದೆ ಬಿದ್ದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನದ ಪಟ್ಟಿಯ ಮೇಲೆ ಭಾನುವಾರದ ಓಟ ಆರಂಭವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಹುಡುಗರನ್ನು ರಸ್ತೆಯಿಂದ ಅಂಥ ಪಟ್ಟಿಗಳಿಗೆ ತರಲೆಂದು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಇಬ್ಬರು ಅಕ್ಕಪಕ್ಕ ನಿಂತು ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಡುವುದೇ ಡ್ರ್ಯಾಗ್ ರೇಸು. 1953ರಲ್ಲಿ ಪೊಮೋನಾದಲ್ಲಿ ಆ ಸಂಘದ ಮೊದಲ ಅಧಿಕೃತ ಕೂಟ ನಡೆಯಿತು. ನಮ್ಮ ದೇಶದಲ್ಲೂ ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ಮೋಟಾರು ಓಟಗಳು ಶುರುವಾದದ್ದು ಅದೇ ದಶಕದಲ್ಲಿ.

ಈ ಸಂಗತಿಯನ್ನು ಎತ್ತಿದ್ದಕ್ಕೆ ಕಾರಣವಿದೆ. ಅಲ್ಲಿಯ ಮೊದಲ ಕಾರುಗಳು ವಾರವಿಡೀ ಕೆಲಸಕ್ಕೆ ಹೋಗಿಬಂದ ಕಾರುಗಳೇ, ಓಡಿಸಿದವನೇ ಅದನ್ನು ಕಟ್ಟಿದವನು. ಕೆಲವೇ ವರ್ಷಗಳಲ್ಲಿ ಓಟಕ್ಕೆಂದೇ ಕಟ್ಟಿದ, ಬರೀ ಎರಡು ಕಬ್ಬಿಣದ ಪಟ್ಟಿಯ ಮೇಲೆ ಎಂಜಿನ್ ಕೂರಿಸಿದ ಗಾಡಿಗಳು ಬಂದವು. ಹಣ ಬಂತು, ವೇಗ ಬಂತು, ಹವ್ಯಾಸಿ ಹಿಂದೆ ಬಿದ್ದ. 1957ರಲ್ಲಿ ಸಂಘ ನೈಟ್ರೊಮೀಥೇನ್ ಇಂಧನವನ್ನು ಕೆಲ ಕಾಲ ನಿಲ್ಲಿಸಿತು. 2008ರಲ್ಲಿ ಒಬ್ಬ ಚಾಲಕ ತೀರಿಕೊಂಡ ಮೇಲೆ ಅತಿವೇಗದ ವರ್ಗಗಳ ದೂರವನ್ನು 1,000 ಅಡಿಗೆ ಇಳಿಸಿತು. ಅಲ್ಲಿಯ ಹಳಬರು ಇಂದು ಸಾಂಟಾ ಆನಾದ ದಿನಗಳನ್ನು ನೆನೆಯುವ ಬಗೆಗೂ ನಮ್ಮ ಹಿರಿಯರು ಮನೆಯ ಗಾಡಿಯ ಶರ್ಯತ್ತನ್ನು ನೆನೆಯುವ ಬಗೆಗೂ ನನಗೆ ಭೇದ ಕಾಣುವುದಿಲ್ಲ.

1964ರಿಂದ 2010: ನೀರು ಬಂತು, ಟ್ರ್ಯಾಕ್ಟರ್ ಬಂತು

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ಈ ನಲವತ್ತೆರಡು ವರ್ಷಗಳಲ್ಲಿ ನಮ್ಮ ಒಕ್ಕಲುತನ ಬುಡಸಮೇತ ಬದಲಾಯಿತು. ತಿಕೋಟಾ, ಬಿಜ್ಜರಗಿ ಕಡೆ ಕೊಳವೆಬಾವಿ ಬಂದು ದ್ರಾಕ್ಷಿ ಪಡಗಳು ಎದ್ದವು, ಒಣದ್ರಾಕ್ಷಿ ಶೆಡ್ಡುಗಳು ಬಂದವು. ಮುಂದೆ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳು ಬಂದು, ಒಂದು ಕಾಲಕ್ಕೆ ನೀರಿಗಾಗಿ ಟ್ಯಾಂಕರ್ ಕಾಯುತ್ತಿದ್ದ ಊರುಗಳ ಕೆರೆಗಳು ತುಂಬಿದವು. ಕಪಲಿ ಮರೆಯಾಯಿತು. ಎಂಟೆತ್ತಿನ ನೇಗಿಲು ಹಾಡಿನಲ್ಲಷ್ಟೇ ಉಳಿಯಿತು. ಹಿಡುವಳಿ ಒಡೆದಂತೆ ಒಂದು ಜೋಡಿ ಎತ್ತಿಗೆ ವರ್ಷವಿಡೀ ಮೇವು ಒದಗಿಸುವುದು ಸಣ್ಣ ರೈತನಿಗೆ ಭಾರವಾಯಿತು, ಬಾಡಿಗೆ ಟ್ರ್ಯಾಕ್ಟರ್ ಅಗ್ಗವಾಯಿತು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಎತ್ತಿನ ಬೆನ್ನ ಮೇಲಿನ ದುಡಿಮೆ ಇಳಿದದ್ದು ಒಳ್ಳೆಯದೇ. ಆದರೆ ಶರ್ಯತ್ತಿನ ಗುರಿ ತಿರುಗಿದ್ದು ಇಲ್ಲೇ. ಹೊಲದಲ್ಲಿ ಎತ್ತು ಕಡಿಮೆಯಾದಂತೆ ಶರ್ಯತ್ತಿಗೆಂದೇ ಸಾಕಿದ ಎತ್ತು ಬಂತು. ಅದು ನೇಗಿಲು ಕಾಣದ ಎತ್ತು. ಹಾಲು, ಮೊಟ್ಟೆ, ಉದ್ದಿನಬೇಳೆಯ ಮೇಲೆ ಬೆಳೆದ, ದಿನವೂ ಮಾಲಿಸು ಮಾಡಿಸಿಕೊಂಡ, ಟೆಂಪೊದಲ್ಲಿ ಊರಿಂದೂರಿಗೆ ಪ್ರಯಾಣ ಮಾಡುವ ಎತ್ತು. ಗಾಡಿಯೂ ಬದಲಾಯಿತು. ಮರದ ಗಾಲಿ, ಕಬ್ಬಿಣದ ಹಳಿ ಹೋಗಿ ಕಬ್ಬಿಣದ ಪೈಪಿನ ಚೌಕಟ್ಟು, ಹಗುರ ಗಾಲಿ ಬಂದವು, ಬಡಿಗೇರರ ಜಾಗಕ್ಕೆ ವೆಲ್ಡಿಂಗ್ ಅಂಗಡಿ ಬಂತು. ತೆಂಗಿನಕಾಯಿ ಹೋಗಿ ಬಂಗಾರ, ಮೋಟಾರ್ ಸೈಕಲ್ ಬಹುಮಾನವಾದವು. ಗೆಲ್ಲುವ ಆಸೆ ಏರಿದಂತೆ ಕೆಲವು ಕಡೆ ಬಾರುಕೋಲಿನ ತುದಿಗೆ ಮೊಳೆ ಸಿಕ್ಕಿಸುವುದು, ಬಾಲ ತಿರುಚುವುದು ಕಾಣತೊಡಗಿತು. ಮುಂದೆ ಬಂದ ಕಷ್ಟಕ್ಕೆ ನಮ್ಮ ಈ ತಪ್ಪುಗಳೂ ಕಾರಣ ಎಂಬುದನ್ನು ಸ್ಮರಣ ಸಂಚಿಕೆಯಲ್ಲಾದರೂ ಒಪ್ಪಿಕೊಳ್ಳಬೇಕು.

ಹಾಗೆಂದು ಕಮಿಟಿಗಳು ಕೈಕಟ್ಟಿ ಕೂರಲಿಲ್ಲ. ಊರೊಳಗಿನ ದಾರಿಯಲ್ಲಿ ಓಡಿಸುವುದು ಬಿಟ್ಟು ಊರ ಹೊರಗಿನ ಖುಲ್ಲಾ ಹೊಲ ಹಿಡಿದವರಿದ್ದಾರೆ. ಜನ ನುಗ್ಗದಂತೆ ಎರಡೂ ಕಡೆ ಹಗ್ಗ, ಬೊಂಬು ಕಟ್ಟಿಸಿದರು. ಹಲ್ಲಿನ ಲೆಕ್ಕದಲ್ಲಿ ಎತ್ತುಗಳ ವರ್ಗ ಮಾಡಿ, ಹಾಲುಹಲ್ಲಿನ ಹೋರಿಯನ್ನು ಬಲಿತ ಎತ್ತಿನ ಎದುರು ನಿಲ್ಲಿಸದಂತೆ ನೋಡಿಕೊಂಡರು.

2011ರಿಂದ 2018: ಗಾಡಿ ನಿಂತ ವರ್ಷಗಳು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ 2011ರ ಜುಲೈ 11ರಂದು ಕೇಂದ್ರ ಸರಕಾರ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರು ತಮಿಳುನಾಡಿನ ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿ ತೀರ್ಪು ಕೊಟ್ಟರು. ಜಿಲ್ಲೆಯ ಹೆಸರು ಬಿಜಾಪುರದಿಂದ ವಿಜಯಪುರಕ್ಕೆ ಬದಲಾದದ್ದೂ ಅದೇ ವರ್ಷ, ನವೆಂಬರ್ 1ರಂದು.

ಕರಾವಳಿಯ ಕಂಬಳ, ತಮಿಳರ ಜಲ್ಲಿಕಟ್ಟು ಪತ್ರಿಕೆಗಳ ಮುಖಪುಟಕ್ಕೆ ಬಂದವು. ನಮ್ಮ ಗಾಡಿ ಶರ್ಯತ್ತಿನ ದುಃಖ ಅಷ್ಟು ದೂರ ಕೇಳಿಸಲಿಲ್ಲ. ಖಿಲಾರಿ ಹೋರಿ ಸಾಕಿದವರಿಗೆ ಪೆಟ್ಟು ಬಿದ್ದಿತು: ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಇದೆ, ಶರ್ಯತ್ತು ಇಲ್ಲ, ಇನ್ನು ಹೋರಿಗರುವನ್ನು ಯಾರು ಕೊಳ್ಳಬೇಕು? ಆಕಳು ಹೆಣ್ಣುಗರು ಹಾಕಿದರೆ ಹೈನಕ್ಕೆ ಇಟ್ಟುಕೊಳ್ಳಬಹುದು. ಹೋರಿಗರು ಕಸಾಯಿಖಾನೆಯ ದಾರಿ ಹಿಡಿಯದಿರಲು ಅದಕ್ಕೊಂದು ಕೆಲಸ, ಒಂದು ಬೆಲೆ ಬೇಕು. ತಳಿ ಉಳಿಸುವ ಮಾತನ್ನು ನಾವು ಕೋರ್ಟು ಕಚೇರಿಯಲ್ಲಿ ಕಲಿಯಲಿಲ್ಲ, ದನದ ಪೇಟೆಯಲ್ಲಿ ಕಲಿತೆವು.

ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆ ಜಾತ್ರೆಯ ಕರಪತ್ರದಲ್ಲಿ ಗಟ್ಟಿಯಾಗಿ ಕೂತದ್ದು ಈಚಿನ ವರ್ಷಗಳಲ್ಲೇ. ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ಗೊತ್ತಾದ ದಾರಿಯಲ್ಲಿ, ಗೆರೆ ತಪ್ಪದೆ ಹಿಂದಕ್ಕೆ ಓಡಿಸುವ ಆ ಹುಡುಗರ ಕೈಚಳಕ ಸಣ್ಣದಲ್ಲ. ಅವರು ಓಡಿಸುವುದು ನಾಳೆ ಕಬ್ಬು ಹೇರಬೇಕಾದ ಟ್ರ್ಯಾಕ್ಟರನ್ನೇ. ಆ ಮಟ್ಟಿಗೆ ಹಳೆಯ ಶರ್ಯತ್ತಿನ ಗುಣ ಅಲ್ಲಿ ಬದುಕಿದೆ.

2017ರ ಜನವರಿಯಲ್ಲಿ ಜಲ್ಲಿಕಟ್ಟಿನ ಮೇಲಿನ ನಿಷೇಧ ತೆಗೆಯಬೇಕೆಂದು ಚೆನ್ನೈನ ಮರೀನಾ ಬೀಚಿನಲ್ಲಿ ಜನ ಕೂತರು. ಫೆಬ್ರುವರಿ 13ರಂದು ನಮ್ಮ ವಿಧಾನಸಭೆ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆಯನ್ನು ಒಪ್ಪಿತು. ಅದು ಕೇಂದ್ರದಿಂದ ತಿರುಗಿ ಬಂದು, ಸುಗ್ರೀವಾಜ್ಞೆಯಾಗಿ, ಕೊನೆಗೆ 2018ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲ್ಲೂಕುಗಳಾದದ್ದೂ ಆ ಹೊತ್ತಿನಲ್ಲೇ. ಗಡಿಯಾಚೆಯ ನೆಂಟರು ಇನ್ನೂ ಕಾಯಬೇಕಾಯಿತು. ಮಹಾರಾಷ್ಟ್ರದಲ್ಲಿ ಓಟಕ್ಕೆ ಸುಪ್ರೀಂ ಕೋರ್ಟು ಅನುಮತಿ ಕೊಟ್ಟದ್ದು 2021ರ ಡಿಸೆಂಬರ್ 16ರಂದು.

2023 ಮತ್ತು ಈಚೆ

ಆ ವರ್ಷ ಬಿಜ್ಜರಗಿಗೂ ಇಡೀ ಜಿಲ್ಲೆಗೂ ದುಃಖದಿಂದ ಆರಂಭವಾಯಿತು. ಬಿಜ್ಜರಗಿಯಲ್ಲಿ ಹುಟ್ಟಿ ಜ್ಞಾನಯೋಗಾಶ್ರಮದ ಬೆಳಕಾಗಿದ್ದ ಸಿದ್ಧೇಶ್ವರ ಸ್ವಾಮೀಜಿಯವರು ಜನವರಿ 2ರಂದು ಲಿಂಗೈಕ್ಯರಾದರು. ಅದೇ ವರ್ಷದ ಮೇ 18ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿ ಕಾನೂನುಗಳನ್ನು ಎತ್ತಿಹಿಡಿಯಿತು. ಶರ್ಯತ್ತಿನ ಮೇಲಿದ್ದ ಕತ್ತಿ ಅಂದು ಸರಿಯಿತು.

ಕಾನೂನು ಕೊಟ್ಟದ್ದು ಷರತ್ತಿನ ಅವಕಾಶ. ಎತ್ತಿಗೆ ವಿನಾಕಾರಣ ನೋವಾಗಬಾರದು ಎಂಬುದೇ ಆ ಷರತ್ತಿನ ತಿರುಳು. ಕಮಿಟಿಯವರು ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ತಂದರಷ್ಟೇ ಸಾಲದು. ಗೆರೆಯ ಬಳಿ ನಿಂತ ಪಂಚರು ಗಾಡಿ ಹೊರಡುವ ಮುನ್ನ ಪ್ರತಿಯೊಬ್ಬನ ಬಾರುಕೋಲನ್ನು ಕೈಯಲ್ಲಿ ಹಿಡಿದು ತುದಿ ನೋಡಬೇಕು. ಮೊಳೆ ಸಿಕ್ಕಿದರೆ ಆ ಜೋಡಿ ಎಂಥ ದೊಡ್ಡವರದಾದರೂ ಹೊರಗೆ. ಇದನ್ನು ಬಿಗಿಯಾಗಿ ನಡೆಸುವ ಕಮಿಟಿಗಳ ಜಾತ್ರೆಗೆ ದೂರದ ಜೋಡಿಗಳು ಬರುವುದು ನಿಂತಿಲ್ಲ.

ಇನ್ನೊಂದು ಸೂಚನೆಯನ್ನು ಹಿರಿಯರ ಮುಂದಿಡುತ್ತೇನೆ. ಅಮೆರಿಕದ ಆ ಸಂಘ ಎಷ್ಟು ದೊಡ್ಡದಾದರೂ, ಕಾರ್ಖಾನೆಯಿಂದ ಬಂದ ರೂಪವನ್ನು ಹೆಚ್ಚು ಬದಲಿಸದ ಕಾರುಗಳಿಗೆ ಒಂದು ವರ್ಗವನ್ನು ಮೊದಲಿನ ದಶಕದಿಂದ ಇಂದಿನವರೆಗೆ ಉಳಿಸಿಕೊಂಡು ಬಂದಿದೆ. ನಮ್ಮ ಜಾತ್ರೆಯ ಕರಪತ್ರದಲ್ಲೂ ಬರುವ ವರ್ಷದಿಂದ ಒಂದು ಸಾಲು ಸೇರಲಿ: ಉಳುವ ಎತ್ತಿನ ಗಾಡಿ. ಹೊಲದಲ್ಲಿ ದುಡಿಯುವ ಜೋಡಿಗೆ ಮಾತ್ರ ಪ್ರವೇಶ, ಗಾಡಿ ಮನೆಯದೇ ಆಗಿರಬೇಕು, ಗಾಲಿ ಮರದ್ದೋ ಟೈರಿನದೋ ಇರಲಿ. ಎತ್ತಿನ ಹೆಗಲಿನ ಜಡ್ಡು ನೋಡಿದರೆ ಅದು ನೊಗ ಹೊತ್ತ ಎತ್ತೋ ಅಲ್ಲವೋ ಎಂದು ಗುರುತಿಸಬಲ್ಲ ಹಿರಿಯರು ಪ್ರತಿ ಊರಿನಲ್ಲೂ ಇನ್ನೂ ಇದ್ದಾರೆ, ಪಂಚರಾಗಿ ಅವರೇ ನಿಲ್ಲಲಿ. ಗಾಡಿ ಕಟ್ಟಿದ ಬಡಿಗೇರರ ಹೆಸರನ್ನು ಮಾಲಕನ ಹೆಸರಿನ ಜೊತೆಗೆ ಮೈಕಿನಲ್ಲಿ ಕೂಗಲಿ, ಕಮಿಟಿಯ ವಹಿಯಲ್ಲಿ ಬರೆಯಲಿ. ಬಹುಮಾನ ಒಂದು ಪಟಗ, ಒಂದು ತೆಂಗಿನಕಾಯಿ, ಒಂದು ಚೀಲ ಹಿಂಡಿ ಸಾಕು. ಮೊದಲ ವರ್ಷದ ಹಿಂಡಿಯ ಚೀಲ ನನ್ನ ಲೆಕ್ಕಕ್ಕಿರಲಿ.